ಎಲೈಜಾ ಫ್ರೇಸರ್: ಹಡಗು ಒಡೆದ ಕಥೆ ಪೋಲಿ ಸಿನಿಮಾ ಆದದ್ದು ಹೇಗೆ

1836ರ ಆಗಸ್ಟ್ 17. ಈಗ ಕ್ವೀನ್ಸ್‌ಲ್ಯಾಂಡ್ ಅಂತ ಕರೆಯುವ ಆಸ್ಟ್ರೇಲಿಯಾದ ಪೂರ್ವ ಕರಾವಳಿ. ಕೂತರಾಬಾ ಎಂಬ ಕೆರೆಯ ಹತ್ತಿರ ಮೂಲನಿವಾಸಿಗಳು ಕುಣಿತಕ್ಕೆ ಅಂತ ಸೇರಿದ್ದರು. ಆ ಗುಂಪಿನಿಂದ ಒಬ್ಬ ಐರಿಷ್ ಕೈದಿ ಒಬ್ಬ ಬಿಳಿಯ ಹೆಂಗಸನ್ನು ಹೊರಗೆ ಕರೆತಂದ. ಕಾಯುತ್ತಿದ್ದ ಲೆಫ್ಟಿನೆಂಟ್ ಚಾರ್ಲ್ಸ್ ಆಟರ್ ಅವಳನ್ನು ನೋಡಿ ದಂಗಾದ. ವಯಸ್ಸು 38 ಇದ್ದರೂ 70 ವರ್ಷದ ಮುದುಕಿಯ ಹಾಗೆ ಕಂಡಳು ಅಂತ ಆಮೇಲೆ ಬರೆದ. ಮೈಯೆಲ್ಲ ಬಿಸಿಲಿಗೆ ಕಪ್ಪಾಗಿತ್ತು, ಕಾಲಲ್ಲಿ ಕಸುವು ಇರಲಿಲ್ಲ. ತಲೆಯ ಮೇಲೆ ನಾವಿಕರ ಮಳೆ ಟೋಪಿ, ಸೊಂಟದ ಸುತ್ತ ಒಂದಿಷ್ಟು ಬಳ್ಳಿ. ಅಷ್ಟೇ ಅವಳ ಉಡುಗೆ.

ಅವಳ ಹೆಸರು ಎಲೈಜಾ ಫ್ರೇಸರ್.

ಇದಾಗಿ 140 ವರ್ಷಕ್ಕೆ, 1976ರಲ್ಲಿ, ಆಸ್ಟ್ರೇಲಿಯಾದವರು ಅವಳ ಹೆಸರಲ್ಲೇ ಒಂದು ಸಿನಿಮಾ ಮಾಡಿದರು. ಹಸಿವು, ಸಾವು, ನೋವು ತುಂಬಿದ ಕಥೆ ಅಲ್ವಾ, ಗಂಭೀರ ಸಿನಿಮಾ ಇರಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಂದದ್ದು ಪೋಲಿ ಸಿನಿಮಾ. ಬಟ್ಟೆ ಜಾರುವುದು, ಮಂಚದ ಕೆಳಗೆ ಅಡಗುವುದು, ಸೊಂಟದ ಕೆಳಗಿನ ಮಾತು, ಓಟ, ತಪ್ಪಿಸಿಕೊಳ್ಳಾಟ ಎಲ್ಲ ಇರುವ ಹಳೆಗಾಲದ ಸಾಹಸ ಹಾಸ್ಯ. ಆ ದೇಶದಲ್ಲಿ ಖರ್ಚು ಹತ್ತು ಲಕ್ಷ ಡಾಲರ್ ಗಡಿ ದಾಟಿದ ಮೊದಲ ಸಿನಿಮಾ ಅಂತಲೂ ಹೆಸರಾಯಿತು.

ಒಂದು ದುರಂತ ಹೀಗೆ ನಗೆಯಾಟ ಆದದ್ದು ಹೇಗೆ? ಸಿನಿಮಾದವರಿಗೆ ಮರ್ಯಾದೆ ಗೊತ್ತಿರಲಿಲ್ಲ ಅಂತ ಹೇಳಿಬಿಡುವುದು ಸುಲಭ. ನನಗೆ ಆ ಉತ್ತರ ಸಾಕಾಗಲಿಲ್ಲ. ಯಾಕೆಂದರೆ ಈ ಕಥೆಯನ್ನು ತಿರುಚುವ ಕೆಲಸ 1976ರಲ್ಲಿ ಶುರುವಾದದ್ದಲ್ಲ. ಎಲೈಜಾ ಬದುಕಿ ಬಂದ ವರ್ಷವೇ ಶುರುವಾಗಿತ್ತು, ಅದೂ ಅವಳ ಬಾಯಿಂದಲೇ. ಹಾಗಾಗಿ ಸಿನಿಮಾ ಅರ್ಥ ಆಗಬೇಕಾದರೆ ಮೊದಲು ಹಡಗಿನಿಂದ ಹೊರಡಬೇಕು.

ಹವಳದ ದಿಬ್ಬದಿಂದ ಮರಳಿನ ದ್ವೀಪಕ್ಕೆ

ಹಡಗಿನ ಹೆಸರು ಸ್ಟರ್ಲಿಂಗ್ ಕ್ಯಾಸಲ್. ಎರಡು ಕಂಬದ ಪಟದ ಹಡಗು. ಕ್ಯಾಪ್ಟನ್ ಜೇಮ್ಸ್ ಫ್ರೇಸರ್ ಅದನ್ನು 1836ರ ಮೇ ತಿಂಗಳ ಮಧ್ಯದಲ್ಲಿ ಸಿಡ್ನಿಯಿಂದ ಸಿಂಗಪುರದ ಕಡೆಗೆ ಹೊರಡಿಸಿದ. ಅವನ ಆರೋಗ್ಯ ಮೊದಲೇ ಕೆಟ್ಟಿತ್ತು. ಹಾಗಾಗಿ ಹೆಂಡತಿ ಎಲೈಜಾ ಜೊತೆಗೆ ಬಂದಿದ್ದಳು. ಅವಳು ತುಂಬು ಗರ್ಭಿಣಿ. ಮೂವರು ಮಕ್ಕಳನ್ನು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪದ ಸ್ಟ್ರಾಮ್‌ನೆಸ್ ಊರಿನಲ್ಲಿ ಬಿಟ್ಟು ಬಂದಿದ್ದಳು.

ಆ ಕಾಲದಲ್ಲಿ ಸಿಡ್ನಿಯಿಂದ ಏಷ್ಯಾ ಕಡೆಗೆ ಹೋಗುವ ಹಡಗುಗಳು ಗ್ರೇಟ್ ಬ್ಯಾರಿಯರ್ ರೀಫ್ ಹತ್ತಿರ ಹಾಯಲೇಬೇಕಿತ್ತು. ನೀರಿನ ಅಡಿಯಲ್ಲಿ ಸಾವಿರಾರು ಹವಳದ ದಿಬ್ಬಗಳು. ನಕ್ಷೆಗಳು ಅರೆಬರೆ. ಹೊರಟು ಒಂದು ವಾರ ಆಗಿತ್ತೋ ಇಲ್ಲವೋ, ಸ್ವೇನ್ ರೀಫ್ಸ್ ಎಂಬ ಜಾಗದಲ್ಲಿ ಹಡಗು ರಾತ್ರಿ ಹೊತ್ತು ದಿಬ್ಬಕ್ಕೆ ಬಡಿಯಿತು. ಉಳಿದವರು ಎರಡು ದೋಣಿ ಹತ್ತಿ ದಕ್ಷಿಣಕ್ಕೆ ತಿರುಗಿದರು. ಹೋಗಬೇಕಾದದ್ದು ಮೋರ್ಟನ್ ಬೇಗೆ, ಅಂದರೆ ಈಗಿನ ಬ್ರಿಸ್ಬೇನ್ ಇರುವ ಜಾಗಕ್ಕೆ.

ಎಲೈಜಾ ಕೂತಿದ್ದ ದೋಣಿ ಸೋರುತ್ತಿತ್ತು. ಒಳಗೆ ನೀರು ನಿಂತಿತ್ತು. ಆ ನೀರಿನಲ್ಲೇ ಅವಳಿಗೆ ಹೆರಿಗೆ ಆಯಿತು. ಕೂಸು ಸ್ವಲ್ಪ ಹೊತ್ತಿಗೇ ಸತ್ತಿತು. ಹಡಗಿನವನೊಬ್ಬ ತನ್ನ ಅಂಗಿ ಬಿಚ್ಚಿ, ಅದರಲ್ಲಿ ಸುತ್ತಿ, ಸಮುದ್ರಕ್ಕೆ ಬಿಟ್ಟ.

ಮುಂದಿನದನ್ನು ಓದುವಾಗಲೆಲ್ಲ ಈ ದೋಣಿಯನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಯಾರು ಏನೇ ಬಣ್ಣ ಹಚ್ಚಿದರೂ ಈ ಹೆಂಗಸು ಪಟ್ಟ ಪಾಡು ಸುಳ್ಳಲ್ಲ.

ದಾರಿಯಲ್ಲಿ ಎರಡು ದೋಣಿಗಳೂ ಬೇರೆಬೇರೆಯಾದವು. ವಾರಗಟ್ಟಲೆ ತೇಲಿ, ಎಲೈಜಾ ಇದ್ದ ದೋಣಿ ಒಂದು ದೊಡ್ಡ ಮರಳಿನ ದ್ವೀಪ ಸೇರಿತು. ಸುಮಾರು 120 ಕಿಲೋಮೀಟರ್ ಉದ್ದದ ದ್ವೀಪ. ಬರೀ ಮರಳಿನಿಂದಾದ ದ್ವೀಪಗಳಲ್ಲಿ ಪ್ರಪಂಚಕ್ಕೇ ದೊಡ್ಡದು. ಆದರೂ ಅದು ಬರಡಲ್ಲ. ಮರಳ ದಿಬ್ಬಗಳ ನಡುವೆ ಸಿಹಿನೀರಿನ ಕೆರೆಗಳು, ದಟ್ಟ ಕಾಡು, ದಂಡೆಯಲ್ಲಿ ಚಿಪ್ಪು ಮೀನು. ಅಲ್ಲಿ ಸಾವಿರಾರು ವರ್ಷಗಳಿಂದ ಬುಚುಲ್ಲಾ ಜನ ಬದುಕುತ್ತಿದ್ದರು. ಹಡಗಿನವರು ಮಾತ್ರ ಹಸಿವಿನಿಂದ ಸಾಯುತ್ತಿದ್ದರು. ಯಾವುದನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಅಂತ ಅವರಿಗೆ ಗೊತ್ತಿರಲಿಲ್ಲ.

ಬುಚುಲ್ಲಾ ಹೆಂಗಸರು ಎಲೈಜಾಳನ್ನು ತಮ್ಮ ಗುಂಪಿಗೆ ಸೇರಿಸಿಕೊಂಡರು. ಸೌದೆ ತರುವುದು, ಜರೀಗಿಡದ ಬೇರು ಅಗೆಯುವುದು, ಮರ ಹತ್ತಿ ಜೇನು ಕೀಳುವುದು, ಮಕ್ಕಳನ್ನು ನೋಡಿಕೊಳ್ಳುವುದು. ಅಲ್ಲಿನ ಎಲ್ಲ ಹೆಂಗಸರೂ ದಿನಾ ಮಾಡುತ್ತಿದ್ದ ಕೆಲಸ ಇದು. ಕ್ಯಾಪ್ಟನ್ನನ ಹೆಂಡತಿಗೆ ಇದು ಗುಲಾಮಗಿರಿ ಅನ್ನಿಸಿತು. ಒಂದೇ ಕೆಲಸ, ಎರಡು ಅರ್ಥ. ಮುಂದಿನ ಜಗಳಗಳಿಗೆಲ್ಲ ಇದೇ ಬೇರು.

ಕ್ಯಾಪ್ಟನ್ ಫ್ರೇಸರ್ ಅಲ್ಲೇ ತೀರಿಹೋದ. ಈಟಿಯಿಂದ ತಿವಿದು ಕೊಂದರು ಅಂತ ಎಲೈಜಾ ಹೇಳಿದಳು. ಅವನು ಮೊದಲೇ ಕಾಯಿಲೆಯವ, ಹಸಿವಿನಿಂದ ಬಳಲಿದ್ದ ಅನ್ನುವುದೂ ನಿಜ. ಹೀಗೆ ಹೆಚ್ಚೂಕಡಿಮೆ ಏಳು ವಾರ ಕಳೆಯಿತು. ಅಷ್ಟರಲ್ಲಿ ಇಬ್ಬರು ನಾವಿಕರು ನಡೆದು ನಡೆದು ದಕ್ಷಿಣದ ಬ್ರೈಬಿ ದ್ವೀಪ ಸೇರಿದ್ದರು. ಅಲ್ಲಿ ಬೇಟೆಗೆ ಬಂದಿದ್ದ ಲೆಫ್ಟಿನೆಂಟ್ ಆಟರ್ ಕಣ್ಣಿಗೆ ಬಿದ್ದರು. ಮೋರ್ಟನ್ ಬೇ ಕೈದಿ ವಸಾಹತಿನ ಕಮಾಂಡೆಂಟ್ ಕ್ಯಾಪ್ಟನ್ ಫಾಸ್ಟರ್ ಫಯನ್ಸ್ ತಕ್ಷಣ ದೋಣಿಗಳನ್ನು ಕಳಿಸಿದ.

ಕಾಪಾಡಿದವರು ಯಾರು?

ಮೋರ್ಟನ್ ಬೇ ಎಂಥ ಜಾಗ ಅಂತ ಇಲ್ಲಿ ಹೇಳಬೇಕು. ಬ್ರಿಟನ್ನಿನಿಂದ ಗಡೀಪಾರಾಗಿ ಸಿಡ್ನಿಗೆ ಬಂದ ಕೈದಿ ಅಲ್ಲಿ ಮತ್ತೆ ತಪ್ಪು ಮಾಡಿದರೆ ಅವನನ್ನು ಇಲ್ಲಿಗೆ ತಳ್ಳುತ್ತಿದ್ದರು. ಶಿಕ್ಷೆಯ ಮೇಲೆ ಶಿಕ್ಷೆ. ಚಾಟಿ ಏಟು ಸಾಮಾನ್ಯ. ತಪ್ಪಿಸಿಕೊಂಡು ಕಾಡು ಸೇರಿದವರು ಎಷ್ಟೋ ಜನ. ಅವರಲ್ಲಿ ಕೆಲವರನ್ನು ಮೂಲನಿವಾಸಿಗಳು ಸಾಕಿಕೊಂಡರು. ಸತ್ತ ತಮ್ಮವರೇ ಬೆಳ್ಳಗಾಗಿ ತಿರುಗಿ ಬಂದಿದ್ದಾರೆ ಅಂತ ನಂಬಿ ಮನೆಯವರ ಹಾಗೆ ನೋಡಿಕೊಂಡದ್ದೂ ಉಂಟು.

ಎಲೈಜಾಳನ್ನು ಕರೆತಂದ ಜಾನ್ ಗ್ರಹಾಂ ಅಂಥವನೇ. ಸುಮಾರು ಮೂರು ಕಿಲೋ ಸೆಣಬು ಕದ್ದ ತಪ್ಪಿಗೆ ಐರ್ಲೆಂಡಿನಿಂದ ಗಡೀಪಾರಾದವನು. 1827ರಲ್ಲಿ ಓಡಿಹೋಗಿ ಆರು ವರ್ಷ ಮೂಲನಿವಾಸಿಗಳ ಜೊತೆ ಬದುಕಿದ್ದ. ಅವರ ಭಾಷೆ ಬರುತ್ತಿತ್ತು, ಅವರ ರೀತಿ ರಿವಾಜು ಗೊತ್ತಿತ್ತು. ಬಂದೂಕು ತೋರಿಸದೆ, ಮಾತಿನಿಂದಲೇ ಕೆಲಸ ಸಾಧಿಸಿದ. ಈ ಹೆಂಗಸು ಸತ್ತುಹೋದ ತನ್ನ ಹೆಂಡತಿ ಮಾಂಬಾಳ ಆತ್ಮ, ತನಗೇ ಸೇರಬೇಕು ಅಂತ ವಾದ ಮಾಡಿದ ಎಂದು ಅವನೇ ಹೇಳಿಕೊಂಡಿದ್ದಾನೆ. ಸರ್ಕಾರ ಅವನಿಗೆ ಹತ್ತು ಪೌಂಡ್ ಇನಾಮು ಕೊಟ್ಟು, ಕೈದಿಯಾಗಿದ್ದರೂ ಹೊರಗೆ ದುಡಿದು ಬದುಕುವ ಪರವಾನಗಿ ಕೊಟ್ಟಿತು.

ಆರು ವರ್ಷ ಕಳೆದು ಇನ್ನೊಬ್ಬ ಬಂದ. ಡೇವಿಡ್ ಬ್ರೇಸ್‌ಫೆಲ್, ಅವನೂ ಓಡಿಹೋದ ಕೈದಿ. ಮೂಲನಿವಾಸಿಗಳು ಅವನನ್ನು ವಾಂಡಿ ಅಂತ ಕರೆಯುತ್ತಿದ್ದರು. 1842ರಲ್ಲಿ ಆಂಡ್ರ್ಯೂ ಪೆಟ್ರಿ ಎಂಬವರ ತಂಡದ ಜೊತೆ ಅವನು ವಾಪಸ್ ಬಂದ. ಎಲೈಜಾಳನ್ನು ಕಾಪಾಡಿದ್ದು ತಾನೇ ಅಂದ. ಕಾಡಿನಲ್ಲಿ ನಡೆಸಿಕೊಂಡು ಬಂದೆ, ಬಿಳಿಯರ ಊರು ಹತ್ತಿರ ಆಗುತ್ತಲೇ ಅವಳು ನನ್ನ ಮೇಲೆ ದೂರು ಕೊಡುತ್ತೇನೆ ಅಂತ ಹೆದರಿಸಿದಳು, ಅದಕ್ಕೇ ಮತ್ತೆ ಕಾಡಿಗೆ ಓಡಿದೆ ಅಂತ ಅವನ ಕಥೆ. 1836ರ ದಾಖಲೆಗಳಲ್ಲಿ ಇರುವುದು ಗ್ರಹಾಂ ಹೆಸರು. ಆದರೆ ಜನರ ಮನಸ್ಸಿನಲ್ಲಿ ಕೂತದ್ದು ಬ್ರೇಸ್‌ಫೆಲ್. ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ಕಾಡು, ಬಟ್ಟೆಯಿಲ್ಲದ ಹೆಂಗಸು, ತಪ್ಪಿಸಿಕೊಂಡ ಕೈದಿ, ಕೊನೆಗೆ ದ್ರೋಹ. ಒಂದು ಪ್ರೇಮಕಥೆಗೆ ಇನ್ನೇನು ಬೇಕು? ಸಿನಿಮಾದ ಬೀಜ ಬಿದ್ದದ್ದು ಇಲ್ಲಿ.

ಎಲೈಜಾ ಸುಮ್ನೆ ಕೂರಲಿಲ್ಲ. ಸಿಡ್ನಿಯಲ್ಲಿ ಜನ ಮರುಗಿ ಚಂದಾ ಎತ್ತಿ ಕೊಟ್ಟರು. 1837ರ ಫೆಬ್ರವರಿಯಲ್ಲಿ ಅವಳು ಅಲೆಕ್ಸಾಂಡರ್ ಗ್ರೀನ್ ಎಂಬ ಇನ್ನೊಬ್ಬ ಕ್ಯಾಪ್ಟನ್ನನನ್ನು ಗುಟ್ಟಾಗಿ ಮದುವೆಯಾದಳು. ಇಬ್ಬರೂ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವಳು ಗತಿಯಿಲ್ಲದ ವಿಧವೆ ಅಂತ ಹೇಳಿಕೊಂಡು ಸಹಾಯ ಕೇಳಿದಳು. ಲಂಡನ್ನಿನ ಲಾರ್ಡ್ ಮೇಯರ್ ಥಾಮಸ್ ಕೆಲ್ಲಿ ಅವಳಿಗಾಗಿ ನಿಧಿಯನ್ನೇ ತೆರೆದರು. ಆಮೇಲೆ ಮದುವೆ, ಸಿಡ್ನಿಯ ಚಂದಾ ಎರಡೂ ಬಯಲಾದವು. ವಿಚಾರಣೆ ನಡೆಯಿತು. ಹಣದ ಬಹುಪಾಲು ಸ್ಟ್ರಾಮ್‌ನೆಸ್‌ನಲ್ಲಿದ್ದ ಮಕ್ಕಳ ಹೆಸರಿಗೆ ಹೋಯಿತು.

ಅಷ್ಟರಲ್ಲಿ ಅವಳ ಕಥೆಯೂ ಬೆಳೆದಿತ್ತು. ಮೊದಲು ಮೋರ್ಟನ್ ಬೇಯಲ್ಲಿ ಹೇಳಿದ್ದಕ್ಕಿಂತ ಲಂಡನ್ನಿನಲ್ಲಿ ಹೇಳಿದ್ದು ಜಾಸ್ತಿ ಘೋರ. ಇದಕ್ಕೆ ಅವಳನ್ನು ಸುಳ್ಳಿ ಅಂತ ಕರೆಯಲು ನನಗೆ ಮನಸ್ಸಿಲ್ಲ. ಗಂಡನಿಲ್ಲ, ಹಡಗಿಲ್ಲ, ದೂರದಲ್ಲಿ ಮೂರು ಮಕ್ಕಳು. ಅವಳ ಕೈಯಲ್ಲಿ ಮಾರುವಂಥ ಸರಕು ಇದ್ದದ್ದು ಒಂದೇ, ತಾನು ಪಟ್ಟ ಕಷ್ಟ. ಕೇಳುವವರಿಗೆ ಎಂಥದ್ದು ಬೇಕೋ ಅಂಥದ್ದು ಕೊಟ್ಟಳು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಡೇರೆ ಹಾಕಿ, ಆರು ಪೆನ್ಸ್ ವಸೂಲಿ ಮಾಡಿ ಕಥೆ ಹೇಳುತ್ತಿದ್ದಳು ಎಂಬ ದಂತಕಥೆಯೂ ಇದೆ.

ಬೇರೆಯವರೂ ಬಿಡಲಿಲ್ಲ. 1837ರಲ್ಲೇ ನ್ಯೂಯಾರ್ಕಿನಲ್ಲಿ ಅವಳ ಹೆಸರಿನಲ್ಲಿ ಒಂದು ಕಿರುಪುಸ್ತಕ ಬಂತು. ಅಮೆರಿಕದಲ್ಲಿ 1680ರ ದಶಕದಿಂದಲೂ ಒಂದು ಬಗೆಯ ಪುಸ್ತಕಕ್ಕೆ ಭಾರೀ ಗಿರಾಕಿ. ಬಿಳಿಯ ಹೆಂಗಸು, ಅವಳನ್ನು ಹಿಡಿದೊಯ್ದ ಕಾಡುಜನ, ಕೊನೆಗೆ ದೇವರ ದಯೆಯಿಂದ ಬಿಡುಗಡೆ. ಎಲೈಜಾ ಕಥೆಯನ್ನು ಅದೇ ಅಚ್ಚಿಗೆ ಸುರಿದರು. ಚಿತ್ರಗಳಲ್ಲಿ ಬುಚುಲ್ಲಾ ಜನಕ್ಕೆ ಗರಿಯ ಕಿರೀಟ, ಬಿಲ್ಲು ಬಾಣ! ಆಸ್ಟ್ರೇಲಿಯಾದ ಆ ಕರಾವಳಿಯಲ್ಲಿ ಬಿಲ್ಲು ಬಾಣ ಇರಲೇ ಇಲ್ಲ. ಚಿತ್ರ ಬರೆದವನಿಗೆ ಅದು ಬೇಕಾಗಿಯೂ ಇರಲಿಲ್ಲ. 1838ರಲ್ಲಿ ಜಾನ್ ಕರ್ಟಿಸ್ ಎಂಬ ಪತ್ರಕರ್ತ ದೊಡ್ಡ ಪುಸ್ತಕ ಬರೆದು ಅವಳನ್ನು ಸಾಧ್ವಿಯನ್ನಾಗಿ ಮಾಡಿದ. ಅದೇ ದೋಣಿಯಲ್ಲಿದ್ದ ಹ್ಯಾರಿ ಯೂಲ್ಡನ್ ಎಂಬ ನಾವಿಕ 1853ರಲ್ಲಿ ಬರೆದು, ಅವಳಷ್ಟು ಕೆಟ್ಟ ಹೆಂಗಸು ಇಲ್ಲ ಅನ್ನುವ ಹಾಗೆ ಬೈದ.

ಸಾಧ್ವಿ, ವಂಚಕಿ, ಬಲಿಪಶು, ದ್ರೋಹಿ. ಇಪ್ಪತ್ತು ವರ್ಷದೊಳಗೆ ನಾಲ್ಕು ಎಲೈಜಾಗಳು ತಯಾರಾಗಿದ್ದರು.

1970ರ ದಶಕಕ್ಕೆ ನಗು ಯಾಕೆ ಬೇಕಿತ್ತು

ಈಗ ಸಿನಿಮಾಕ್ಕೆ ಬರೋಣ. ನಿರ್ದೇಶಕ ಟಿಮ್ ಬರ್ಸ್ಟಾಲ್. ಬರೆದವರು ನಾಟಕಕಾರ ಡೇವಿಡ್ ವಿಲಿಯಮ್ಸನ್.

ಆಸ್ಟ್ರೇಲಿಯಾ 1906ರಲ್ಲೇ ಪೂರ್ಣ ಉದ್ದದ ಕಥಾಚಿತ್ರ ಮಾಡಿದ ದೇಶ. ಪ್ರಪಂಚದಲ್ಲೇ ಮೊದಲನೆಯದು ಅಂತ ಅದನ್ನು ಎಣಿಸುತ್ತಾರೆ. ಆದರೆ 1960ರ ದಶಕದ ಹೊತ್ತಿಗೆ ಅಲ್ಲಿನ ಚಿತ್ರೋದ್ಯಮ ಹೆಚ್ಚುಕಡಿಮೆ ಸತ್ತೇ ಹೋಗಿತ್ತು. ಟಾಕೀಸುಗಳಲ್ಲಿ ಓಡುತ್ತಿದ್ದದ್ದು ಹಾಲಿವುಡ್ ಮತ್ತು ಬ್ರಿಟಿಷ್ ಸಿನಿಮಾ. ನಮ್ಮ ಮಾತು, ನಮ್ಮ ಮುಖ ತೆರೆಯ ಮೇಲೆ ಇಲ್ಲವಲ್ಲ ಎಂಬ ಕೊರಗು ಅಲ್ಲಿಯವರಿಗೆ ಇತ್ತು. ಈ ಕೊರಗು ಏನು ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. 1970ರಲ್ಲಿ ಸರ್ಕಾರ ಸಿನಿಮಾಕ್ಕೆ ದುಡ್ಡು ಕೊಡಲು ಒಂದು ನಿಗಮ ಮಾಡಿತು. 1971ರಲ್ಲಿ ಸೆನ್ಸಾರ್ ಸಡಿಲವಾಯಿತು. ವಯಸ್ಕರಿಗೆ ಮಾತ್ರ ಎಂಬ ಹೊಸ ಪ್ರಮಾಣಪತ್ರ ಬಂತು.

ಬರ್ಸ್ಟಾಲ್ 1969ರಲ್ಲಿ ಒಂದು ಗಂಭೀರ ಸಿನಿಮಾ ಮಾಡಿ ಸೋತಿದ್ದರು. ವಿಮರ್ಶಕರು ಚೆನ್ನಾಗಿಯೇ ಬಾರಿಸಿದ್ದರು. ಆ ಪೆಟ್ಟಿನ ನಂತರ ಅವರು ಹಾದಿ ಬದಲಿಸಿದರು. ಮೊದಲು ಜನ ಟಾಕೀಸಿಗೆ ಬರಲಿ, ಉದ್ಯಮ ಉಳಿಯಲಿ, ಕಲೆ ಆಮೇಲೆ ಎಂಬ ಹಾದಿ. 1973ರಲ್ಲಿ ಅವರು ಮಾಡಿದ ‘ಆಲ್ವಿನ್ ಪರ್ಪಲ್’ ಸುಮಾರು ಎರಡು ಲಕ್ಷ ಡಾಲರಿನ ಪೋಲಿ ಹಾಸ್ಯ. ಅದು 47 ಲಕ್ಷ ಡಾಲರ್ ಬಾಚಿತು. ಆ ಕಾಲದ ಇಂಥ ಸಿನಿಮಾಗಳಿಗೆ ‘ಆಕರ್’ ಹಾಸ್ಯ ಅಂತ ಹೆಸರು. ಆಕರ್ ಅಂದರೆ ಒರಟು ಮಾತಿನ, ಬಿಯರ್ ಕುಡಿಯುವ, ನಾಚಿಕೆ ಬಿಟ್ಟ ಆಸ್ಟ್ರೇಲಿಯನ್ ಗಂಡಸು. ಸಾಮ್ರಾಜ್ಯದ ಶಿಸ್ತು, ಇಂಗ್ಲಿಷರ ಡೌಲು ಎರಡನ್ನೂ ಅಣಕಿಸಿ ನಗುವುದು ಅವನ ಗುಣ.

ಅಷ್ಟು ಹೊತ್ತಿಗೆ ಗಾಳಿ ಇನ್ನೊಂದು ಕಡೆಗೂ ಬೀಸುತ್ತಿತ್ತು. 1975ರಲ್ಲಿ ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ ಬಂದು, ಹಳೆಗಾಲದ ಉಡುಪು, ನಿಧಾನದ ಲಯ, ಒಗಟಿನಂಥ ಮೌನ ಇದ್ದರೂ ಜನ ಮುಗಿಬಿದ್ದು ನೋಡುತ್ತಾರೆ ಅಂತ ತೋರಿಸಿತ್ತು. ಬರ್ಸ್ಟಾಲ್ ಕೈಯಲ್ಲಿ ಈಗ ಹಳೆಗಾಲದ ಉಡುಪೂ ಇತ್ತು, ಪೋಲಿತನವೂ ಇತ್ತು. ಎರಡನ್ನೂ ಬೆರೆಸಿದರು.

ಹಾಗೆ ಬೆರೆಸಲು ಒಂದು ಹಳೆಯ ಪಾತ್ರೆ ಸಿದ್ಧವಾಗಿತ್ತು. ಹದಿನೆಂಟನೇ ಶತಮಾನದ ಇಂಗ್ಲಿಷಿನಲ್ಲಿ ಒಂದು ಜಾತಿಯ ಕಥೆ ಇದೆ. ನಾಯಕನೋ ನಾಯಕಿಯೋ ಊರೂರು ಅಲೆಯುತ್ತಾರೆ. ಒಂದು ತಾಪತ್ರಯದಿಂದ ಇನ್ನೊಂದಕ್ಕೆ ಬೀಳುತ್ತಾರೆ. ದೊಡ್ಡ ಮನುಷ್ಯರ ಕೋಟು ಟೋಪಿಯ ಹಿಂದಿನ ಚಪಲ ಒಂದೊಂದಾಗಿ ಹೊರಬೀಳುತ್ತದೆ. ಇಲ್ಲಿ ಪೋಲಿತನ ಬರೀ ಕಚಗುಳಿ ಅಲ್ಲ. ಅಧಿಕಾರದಲ್ಲಿ ಇರುವವರ ಬಟ್ಟೆ ಬಿಚ್ಚುವ ದಾರಿ ಅದು. ನಮ್ಮ ಕಂಪನಿ ನಾಟಕದ ಹಾಸ್ಯಪಾತ್ರ ಡಬಲ್ ಮೀನಿಂಗ್ ಮಾತಿನಲ್ಲೇ ಸಾಹುಕಾರನ ಮಾನ ಕಳೆಯುತ್ತಾನಲ್ಲ, ಅದೇ ಚಾಳಿ. 1963ರ ‘ಟಾಮ್ ಜೋನ್ಸ್’ ಈ ಜಾತಿಯ ಕಥೆಯನ್ನು ತೆರೆಗೆ ತಂದು ಆಸ್ಕರ್ ಗೆದ್ದಿತ್ತು. ಅದರ ನಾಯಕಿ ಸುಸಾನಾ ಯಾರ್ಕ್. ಬರ್ಸ್ಟಾಲ್ ಎಲೈಜಾ ಪಾತ್ರಕ್ಕೆ ಕರೆತಂದದ್ದು ಅವರನ್ನೇ. ನನ್ನ ಲೆಕ್ಕದಲ್ಲಿ ಈ ಒಂದು ಆಯ್ಕೆಯಲ್ಲೇ ಸಿನಿಮಾ ಯಾವ ದಾರಿ ಹಿಡಿಯಿತು ಅಂತ ಗೊತ್ತಾಗುತ್ತದೆ.

ಕಮಾಂಡೆಂಟ್ ಫಯನ್ಸ್ ಆಗಿ ಟ್ರೆವರ್ ಹವರ್ಡ್ ಬಂದರು. ಇವರು 1962ರಲ್ಲಿ ‘ಮ್ಯೂಟಿನಿ ಆನ್ ದ ಬೌಂಟಿ’ಯ ಕ್ರೂರ ಕ್ಯಾಪ್ಟನ್ ಬ್ಲೈ ಆಗಿದ್ದವರು. ಕ್ಯಾಪ್ಟನ್ ಫ್ರೇಸರ್ ಪಾತ್ರಕ್ಕೆ ನೋಯೆಲ್ ಫೆರಿಯರ್, ಬ್ರೇಸ್‌ಫೆಲ್ ಆಗಿ ಟಿವಿಯಿಂದ ಜನಪ್ರಿಯರಾಗಿದ್ದ ಜಾನ್ ವಾಟರ್ಸ್, ಹೆಂಗಸರ ಹಿಂದೆ ಬೀಳುವ ಅಧಿಕಾರಿಯಾಗಿ ಜಾನ್ ಕಾಸಲ್. ಹೊರದೇಶದ ತಾರೆಯರು, ನೂರಾರು ಉಡುಪು, ಹಡಗು, ಆ ದ್ವೀಪದಲ್ಲೇ ಶೂಟಿಂಗ್. ಎಲ್ಲ ಸೇರಿ ಖರ್ಚು 12 ಲಕ್ಷ ಡಾಲರ್. ಆಲ್ವಿನ್‌ಗೆ ಆದದ್ದರ ಆರು ಪಟ್ಟು.

ಆಸ್ಟ್ರೇಲಿಯಾದಲ್ಲಿ ಗಳಿಕೆ ಸುಮಾರು 16 ಲಕ್ಷ 70 ಸಾವಿರ ಡಾಲರ್ ಆಯಿತು. ಹಾಗಾದರೆ ಲಾಭವೇ ಅಲ್ವಾ? ಅಲ್ಲ. ಗಲ್ಲಾಪೆಟ್ಟಿಗೆಗೆ ಬಿದ್ದದ್ದರಲ್ಲಿ ಟಾಕೀಸಿನವರು ತಮ್ಮ ಪಾಲು ಮೊದಲು ಹಿಡಿಯುತ್ತಾರೆ. ಆಮೇಲೆ ಹಂಚಿಕೆದಾರರು. ಉಳಿದದ್ದು ನಿರ್ಮಾಪಕರಿಗೆ. ಹಾಕಿದ ದುಡ್ಡು ಹುಟ್ಟಬೇಕಾದರೆ ಗಳಿಕೆ ಖರ್ಚಿನ ಎರಡು ಮೂರು ಪಟ್ಟು ಆಗಬೇಕು. ಚಿಕ್ಕ ಬಜೆಟ್ಟಿನಲ್ಲಿ ಗೆದ್ದ ಸೂತ್ರ ದೊಡ್ಡ ಬಜೆಟ್ಟಿನಲ್ಲಿ ಮಗುಚಿ ಬಿತ್ತು.

ಸಿನಿಮಾ ಮುಟ್ಟಿದ್ದು, ತಪ್ಪಿದ್ದು

ಸಿನಿಮಾ ಚರಿತ್ರೆಯನ್ನು ಎಷ್ಟು ಬದಲಿಸಿತು ಅಂತ ಪಟ್ಟಿ ಮಾಡುತ್ತಾ ಕೂತರೆ ಮುಗಿಯುವುದಿಲ್ಲ. ಮುಖ್ಯ ಬದಲಾವಣೆ ಒಂದೇ. ಗ್ರಹಾಂ ಅಲ್ಲ, ಬ್ರೇಸ್‌ಫೆಲ್ ಇಲ್ಲಿ ನಾಯಕ. ದಾಖಲೆ ಸೋತು ದಂತಕಥೆ ಗೆದ್ದಿತು. ಕೈದಿಗಳ ವಸಾಹತು ಮಲಗುವ ಕೋಣೆಯ ಬಾಗಿಲು ತೆಗೆದು ಮುಚ್ಚುವ ಪ್ರಹಸನದ ಜಾಗ ಆಯಿತು. ಎಲೈಜಾ ಎಲ್ಲರಿಗೂ ಬೇಕಾದವಳು, ಆದರೆ ಯಾರ ಕೈಗೂ ಪೂರ್ತಿ ಸಿಗದ ಜಾಣೆ.

ಇದರಲ್ಲಿ ಒಂದು ಒಳ್ಳೆಯದು ಆಯಿತು. ಹಳೆಯ ಕಥೆಗಳಲ್ಲಿ ಎಲೈಜಾ ಒಂದೋ ಅಳುವವಳು, ಇಲ್ಲವೇ ಮೋಸ ಮಾಡುವವಳು. ಯಾರ್ಕ್ ಅವರ ಎಲೈಜಾಗೆ ಆಸೆ ಇದೆ, ತಲೆ ಇದೆ, ನಗು ಇದೆ. ಸಂತೆಯ ಡೇರೆಯಲ್ಲಿ ತನ್ನ ಕಥೆ ಮಾರುವ ಎಲೈಜಾಳನ್ನೂ ಸಿನಿಮಾ ತೋರಿಸುತ್ತದೆ, ಅದೂ ಅವಳನ್ನು ಹೀಯಾಳಿಸದೆ. ಇದನ್ನು ನಾನು ದೊಡ್ಡ ಮಾತು ಅಂತ ಎಣಿಸುತ್ತೇನೆ. 140 ವರ್ಷ ಎಲ್ಲರೂ ಅವಳ ಕಥೆ ಮಾರಿ ಉಂಡರು. ಅವಳು ಮಾರಿದಾಗ ಮಾತ್ರ ವಿಚಾರಣೆ ನಡೆಯಿತು. ಸಿನಿಮಾಕ್ಕೆ ಇಟ್ಟ ಉದ್ದದ ಇನ್ನೊಂದು ಹೆಸರಿನಲ್ಲೂ ಆ ಹಳೆಯ ಕಿರುಪುಸ್ತಕಗಳ ಧಾಟಿಯೇ ಇದೆ: ಎಲೈಜಾ ಫ್ರೇಸರಳ ಸೆರೆ, ಸಂಕಟ ಮತ್ತು ಪವಾಡದಂಥ ಬಿಡುಗಡೆಯ ನಿಷ್ಠಾವಂತ ವೃತ್ತಾಂತ. ಮಾರುಕಟ್ಟೆಗಾಗಿ ಹೆಣೆದ ಕಥೆ ಇದು ಅಂತ ಸಿನಿಮಾ ಮುಚ್ಚಿಡುವುದಿಲ್ಲ.

ಆದರೆ ಎರಡು ಕಡೆ ಅದು ತಪ್ಪಿತು, ಎರಡೂ ಸಣ್ಣ ತಪ್ಪಲ್ಲ.

ಮೊದಲನೆಯದು ಹದ. ನೀರು ತುಂಬಿದ ದೋಣಿಯಲ್ಲಿ ಸತ್ತ ಕೂಸು ಇಂಥ ನಗುವಿನ ಜೊತೆ ಒಗ್ಗುವುದಿಲ್ಲ. ಚಾಟಿ ಏಟಿನ ಪಕ್ಕದಲ್ಲೇ ಮಂಚದ ತಮಾಷೆ ಇಟ್ಟರೆ ನೋಡುವವರಿಗೆ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ. ಪೋಲಿ ಸಾಹಸದ ಪಾತ್ರೆ ದೊಡ್ಡವರ ಡೌಲನ್ನು ಚೆನ್ನಾಗಿ ಹಿಡಿಯುತ್ತದೆ, ದುಃಖವನ್ನು ಹಿಡಿಯುವುದಿಲ್ಲ.

ಎರಡನೆಯದು ಬುಚುಲ್ಲಾ ಜನ. ಬ್ರಿಟಿಷ್ ಅಧಿಕಾರಿಗಳ ಬಗ್ಗೆ ಸಿನಿಮಾಕ್ಕೆ ಇರುವ ಚೂಪು ಕಣ್ಣು ಅವರ ಕಡೆ ತಿರುಗುವಾಗ ಮಂಜಾಗುತ್ತದೆ. ಅವರು ಬರುವುದು ಕಥೆಯ ಹಿನ್ನೆಲೆಯಾಗಿ, ಬಿಳಿಯರ ಆಟ ನಡೆಯುವ ಅಂಗಳವಾಗಿ. 1837ರ ಚಿತ್ರದಲ್ಲಿ ಗರಿಯ ಕಿರೀಟ ತೊಡಿಸಿದವನ ಹಾಗೆ, ಇವರೂ ಅವರನ್ನು ಕೇಳಿ ತಿಳಿಯಲಿಲ್ಲ.

ಅದೇ 1976ರಲ್ಲಿ, ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದಿದ್ದ ಪ್ಯಾಟ್ರಿಕ್ ವೈಟ್ ಇದೇ ಕಥೆಯಿಂದ ಕಾದಂಬರಿ ಬರೆದರು. ಎಲೈಜಾ ಅಲ್ಲಿ ಎಲೆನ್ ಆದಳು. ‘ಎ ಫ್ರಿಂಜ್ ಆಫ್ ಲೀವ್ಸ್’ ಎಂಬ ಶೀರ್ಷಿಕೆ ಬಂದದ್ದು ಅವಳ ಸೊಂಟದ ಎಲೆಗಳಿಂದ. ಆ ಬಳ್ಳಿಯಲ್ಲಿ ಅವಳು ಮದುವೆಯ ಉಂಗುರ ಅಡಗಿಸಿಟ್ಟಿದ್ದಳು ಎಂಬುದು ಹಳೆಯ ಕಥನಗಳಲ್ಲಿ ಬರುವ ವಿವರ. ಒಂದೇ ವರ್ಷ, ಒಂದೇ ಬಳ್ಳಿ. ಸಿನಿಮಾ ಅದರ ಹಿಂದೆ ಮೈ ಕಂಡಿತು, ಕಾದಂಬರಿ ಅದರೊಳಗೆ ಉಂಗುರ ಕಂಡಿತು. ಅದಕ್ಕೂ ಮೊದಲೇ, 1947ರಲ್ಲಿ, ಚಿತ್ರಕಾರ ಸಿಡ್ನಿ ನೋಲನ್ ದ್ವೀಪಕ್ಕೆ ಹೋಗಿ ಬಂದು, ಕೈಕಾಲೂರಿ ಪ್ರಾಣಿಯ ಹಾಗೆ ಬಾಗಿದ ಎಲೈಜಾಳನ್ನು ಬರೆದಿದ್ದರು. ಅವರ ಮನಸ್ಸು ತಟ್ಟಿದ್ದು ಬ್ರೇಸ್‌ಫೆಲ್‌ಗೆ ಆದ ದ್ರೋಹ. ಒಟ್ಟಿನಲ್ಲಿ ಗಂಡಸರು ಹೇಳಿದ ಎಲೈಜಾಗಳೇ ಜಾಸ್ತಿ.

ದ್ವೀಪದವರ ಮಾತು

ಬುಚುಲ್ಲಾ ಹಿರಿಯರು ಹೇಳುತ್ತಾ ಬಂದ ಕಥೆ ಬೇರೆ. ಎಲೈಜಾಳ ಮೈಗೆ ಬಿಳಿ ಮಣ್ಣಿನ ಗುರುತು ಹಚ್ಚಿದ್ದು ಅವಮಾನಕ್ಕಲ್ಲ ಅನ್ನುತ್ತಾರೆ ಅವರು. ಈ ಹೆಂಗಸನ್ನು ಮುಟ್ಟಬೇಡಿ, ದಾರಿ ಬಿಡಿ ಅಂತ ಮುಂದಿನ ಗುಂಪುಗಳಿಗೆ ಕಳಿಸಿದ ಸಂದೇಶ ಅದು. ಬುಚುಲ್ಲಾ ಕಟ್ಟಳೆ ಮೂರು. ನೆಲಕ್ಕೆ ಒಳ್ಳೆಯದಾಗುವುದೇ ಮೊದಲು. ನಿನ್ನದಲ್ಲದ್ದನ್ನು ಮುಟ್ಟಬೇಡ. ಹೆಚ್ಚಿದ್ದರೆ ಹಂಚಿಕೋ. ಹಸಿದು ಬಂದ ಹೆಂಗಸಿಗೆ ಬೇರು ಅಗೆಯುವುದನ್ನು ಕಲಿಸಿದ್ದನ್ನು ಈ ಕಡೆಯಿಂದ ನೋಡಿ. ಅದು ಗುಲಾಮಗಿರಿಯೋ, ಬದುಕುವ ಪಾಠವೋ?

ಯಾವ ಕಥೆ ಗೆಲ್ಲುತ್ತದೆ ಎಂಬುದರ ಮೇಲೆ ಜನರ ಬದುಕೇ ನಿಂತಿತ್ತು. ಆ ಕರಾವಳಿಯವರು ನರಭಕ್ಷಕರು, ಕ್ರೂರಿಗಳು ಎಂಬ ಮಾತು ಲಂಡನ್ನಿನಿಂದ ಹಬ್ಬಿತು. ನೆಲ ಹಿಡಿಯಲು ಬಂದವರಿಗೆ ಅದು ಅನುಕೂಲವಾಯಿತು. 1851ರ ಕೊನೆಯಲ್ಲಿ ನೇಟಿವ್ ಪೊಲೀಸ್ ಎಂಬ ಸಶಸ್ತ್ರ ಪಡೆ ದ್ವೀಪಕ್ಕೆ ಇಳಿಯಿತು. 1897ರಲ್ಲಿ ಬೊಗಿಂಬಾ ಎಂಬಲ್ಲಿ ಮೂಲನಿವಾಸಿಗಳನ್ನು ಕೂಡಿಹಾಕುವ ನೆಲೆ ಮಾಡಿದರು. 1904ರಲ್ಲಿ ಅದನ್ನು ಮುಚ್ಚಿ, ಉಳಿದವರನ್ನು ದೂರದ ಯಾರಬಾಗೆ ಸಾಗಿಸಿದರು. ದ್ವೀಪಕ್ಕೆ ಫ್ರೇಸರ್ ಐಲ್ಯಾಂಡ್ ಎಂಬ ಹೆಸರು ನಿಂತಿತು. ಜನ ಹೋದರು, ಬಂದುಹೋದವರ ಹೆಸರು ಉಳಿಯಿತು.

1991ರಿಂದ ಫಿಯೋನಾ ಫೋಲಿ ಎಂಬ ಕಲಾವಿದೆ ಎಲೈಜಾಳ ಬಗ್ಗೆ ಚಿತ್ರ ಮಾಡಲು ಶುರುಮಾಡಿದರು. ಅವರು ಅದೇ ಬುಚುಲ್ಲಾ ಜನದವರು. ಒಂದು ಕೃತಿಯ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಎಲೈಜಾಳ ಇಲಿ ಬೋನು’. ಬೋನಿಗೆ ಬಿದ್ದವರು ಯಾರು ಎಂಬ ಪ್ರಶ್ನೆಯನ್ನು ಅವರು ಆ ಮಾತಿನಿಂದಲೇ ತಿರುಗಿಸಿಬಿಟ್ಟರು. 2014ರಲ್ಲಿ ಕೋರ್ಟು ದ್ವೀಪದ ಮೇಲೆ ಬುಚುಲ್ಲಾ ಜನರಿಗಿರುವ ಹಕ್ಕನ್ನು ಒಪ್ಪಿಕೊಂಡಿತು.

2023ರ ಜೂನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ದ್ವೀಪಕ್ಕೆ K’gari ಎಂಬ ಹಳೆಯ ಹೆಸರನ್ನೇ ಮರಳಿಸಿತು. ಬರೆಯುವಾಗ ಮುಂದೆ ಒಂದು ‘ಕೆ’ ಇದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ನಮ್ಮ ಕಿವಿಗೆ ಅದು ನಮ್ಮ ‘ಗರಿ’ಯ ಹಾಗೇ ಕೇಳುತ್ತದೆ. ಬುಚುಲ್ಲಾ ಸೃಷ್ಟಿಕಥೆಯಲ್ಲಿ ಗರಿ ಒಬ್ಬ ಹೆಣ್ಣು, ಬಿಳಿಯ ಆತ್ಮ. ಯೆಂಡಿಂಗಿ ಎಂಬ ದೂತನ ಜೊತೆ ಸೇರಿ ಈ ನೆಲವನ್ನು ಮಾಡಿದವಳು. ಮಾಡಿ ಮುಗಿದ ಮೇಲೆ ಅದರ ಚೆಲುವು ಬಿಟ್ಟು ಹೋಗಲಾರದೆ, ನನ್ನನ್ನೂ ಇಲ್ಲೇ ಇರಿಸು ಅಂದಳು. ಅವಳು ಮಲಗಿದಳು, ಅವಳ ಮೈಯೇ ದ್ವೀಪವಾಯಿತು. ಆಕಾಶ ನೋಡುವ ಅವಳ ಕಣ್ಣುಗಳೇ ಆ ಸಿಹಿನೀರಿನ ಕೆರೆಗಳು.